ಆರೋಗ್ಯ ಕರ್ನಾಟಕ ಕಾರ್ಡಿಗೆ ರಕ್ತ ಮತ್ತು ಕ್ಯಾನ್ಸರ್ ತಜ್ಞರನ್ನು ಹುಡುಕುವುದು ಹೇಗೆ: ಸಮಗ್ರ ಮಾರ್ಗದರ್ಶಿ

ರಕ್ತ ಪರೀಕ್ಷೆಯ ವರದಿಯ ಕೊನೆಯಲ್ಲಿ "ಬ್ಲಾಸ್ಟ್ ಕೋಶಗಳು ಕಂಡಿವೆ, ಹೆಮಟಾಲಜಿಸ್ಟ್ ಅಭಿಪ್ರಾಯ ಪಡೆಯಿರಿ" ಎಂಬ ಸಾಲು (ಬಲಿಯದ ರಕ್ತಕೋಶಗಳು ಕಂಡಿವೆ, ರಕ್ತದ ಕಾಯಿಲೆಯ ತಜ್ಞರನ್ನು ಕಾಣಿ ಎಂದರ್ಥ) ಬಂದ ದಿನ, ಮನೆಯವರು ಗೊತ್ತಿದ್ದವರಿಗೆಲ್ಲ ಫೋನು ಮಾಡಿ "ಒಳ್ಳೆ ಡಾಕ್ಟ್ರು ಯಾರು?" ಎಂದು ಕೇಳುತ್ತಾರೆ. ಯಾರೋ ಒಂದು ಹೆಸರು ಹೇಳುತ್ತಾರೆ. ಅವರ ಕ್ಲಿನಿಕ್ಕಿಗೆ ಹೋಗುತ್ತಾರೆ, ಪರೀಕ್ಷೆಗಳಿಗೆ ಕೈಯಿಂದ ದುಡ್ಡು ಕಟ್ಟುತ್ತಾರೆ. ಅಡ್ಮಿಟ್ ಆಗುವ ಹೊತ್ತಿಗೆ ಕಾರ್ಡು ತೆಗೆದರೆ "ಇಲ್ಲಿ ಇದು ನಡೆಯಲ್ಲ" ಎಂಬ ಉತ್ತರ. ಅಷ್ಟರಲ್ಲಿ ಹತ್ತು ದಿನವೂ ಹೋಗಿರುತ್ತದೆ, ಕೂಡಿಟ್ಟ ಹಣವೂ ಹೋಗಿರುತ್ತದೆ.

ಹೀಗಾಗುವುದಕ್ಕೆ ಒಂದೇ ಕಾರಣ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಒಪ್ಪಂದ ಮಾಡಿಕೊಳ್ಳುವುದು ಆಸ್ಪತ್ರೆಯ ಜೊತೆ, ಅದರಲ್ಲೂ ಆಸ್ಪತ್ರೆಯ ನಿರ್ದಿಷ್ಟ ವಿಭಾಗಕ್ಕೆ. ವೈದ್ಯರ ಜೊತೆ ಒಪ್ಪಂದವಿಲ್ಲ. ಒಬ್ಬರೇ ತಜ್ಞರು ಬೆಳಿಗ್ಗೆ ನೋಡುವ ಆಸ್ಪತ್ರೆಯಲ್ಲಿ ಕಾರ್ಡು ನಡೆದು, ಸಂಜೆ ಕೂರುವ ಸ್ವಂತ ಕ್ಲಿನಿಕ್ಕಿನಲ್ಲಿ ನಡೆಯದೇ ಇರಬಹುದು. ಆದ್ದರಿಂದ ಮೊದಲು ವಿಭಾಗವನ್ನು ಹುಡುಕಿ. ವೈದ್ಯರ ಹೆಸರು ಆಮೇಲೆ.

ಮೊದಲು: ಯಾವ ತಜ್ಞರು ಬೇಕು?

"ಕ್ಯಾನ್ಸರ್ ಡಾಕ್ಟ್ರು" ಎಂದರೆ ಒಬ್ಬರಲ್ಲ. ಔಷಧಿ, ಕೀಮೋಥೆರಪಿ ಕೊಡುವವರು ಮೆಡಿಕಲ್ ಆಂಕಾಲಜಿಸ್ಟ್. ಓದು ಡಿಎಂ ಅಥವಾ ಡಿಆರ್‌ಎನ್‌ಬಿ. ಗಡ್ಡೆ ತೆಗೆಯುವವರು ಸರ್ಜಿಕಲ್ ಆಂಕಾಲಜಿಸ್ಟ್, ಎಂಸಿಎಚ್ ಅಥವಾ ಡಿಆರ್‌ಎನ್‌ಬಿ. ಕರೆಂಟು ಕೊಡುವುದು ಎಂದು ನಮ್ಮ ಕಡೆ ಹೇಳುವ ವಿಕಿರಣ ಚಿಕಿತ್ಸೆಗೆ ರೇಡಿಯೇಶನ್ ಆಂಕಾಲಜಿಸ್ಟ್. ರಕ್ತ, ಮೂಳೆಯೊಳಗಿನ ಮಜ್ಜೆ, ದುಗ್ಧಗ್ರಂಥಿಗಳ ಕಾಯಿಲೆಗೆ ಕ್ಲಿನಿಕಲ್ ಹೆಮಟಾಲಜಿಸ್ಟ್: ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್), ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್), ಮೈಲೋಮಾ (ಮಜ್ಜೆಯ ಕ್ಯಾನ್ಸರ್) ಜೊತೆಗೆ ಕ್ಯಾನ್ಸರ್ ಅಲ್ಲದ ಅಪ್ಲಾಸ್ಟಿಕ್ ಅನೀಮಿಯಾ, ಪ್ಲೇಟ್‌ಲೆಟ್ ಕುಸಿಯುವ ಐಟಿಪಿ, ಥಲಸ್ಸೀಮಿಯಾ, ಹಿಮೋಫಿಲಿಯಾ ಕೂಡ ಅವರದ್ದೇ.

ರಾಜ್ಯದಲ್ಲಿ ಹೆಮಟಾಲಜಿಯಲ್ಲೇ ಡಿಎಂ ಮಾಡಿದವರು ಕಡಿಮೆ, ಇರುವವರಲ್ಲಿ ಹೆಚ್ಚಿನವರು ಬೆಂಗಳೂರಿನಲ್ಲಿದ್ದಾರೆ. ಹಾಗಾಗಿ ಹೆಮಟಾಲಜಿಸ್ಟ್ ಸಿಗಲಿಲ್ಲ ಎಂದು ಕಾಯಬೇಡಿ. ರಕ್ತದ ಕ್ಯಾನ್ಸರನ್ನು ಮೆಡಿಕಲ್ ಆಂಕಾಲಜಿಸ್ಟ್‌ಗಳೂ ದಿನನಿತ್ಯ ನೋಡುತ್ತಾರೆ. ಆದರೆ ಹಿಮೋಫಿಲಿಯಾ, ಥಲಸ್ಸೀಮಿಯಾದಂಥ ಕಾಯಿಲೆಯನ್ನು ಕ್ಯಾನ್ಸರ್ ವಿಭಾಗದಲ್ಲಿ ಹುಡುಕುತ್ತ ಅಲೆದರೆ ಸಮಯ ವ್ಯರ್ಥ. ಅದಕ್ಕೆ ಸರ್ಕಾರಿ ಮೆಡಿಕಲ್ ಕಾಲೇಜಿನ ಮೆಡಿಸಿನ್ ಅಥವಾ ಮಕ್ಕಳ ವಿಭಾಗ, ಜಿಲ್ಲಾ ಆಸ್ಪತ್ರೆ ಸರಿಯಾದ ಬಾಗಿಲು. ಹಿಮೋಫಿಲಿಯಾದವರಿಗೆ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯೂ ಇದೆ.

ಇನ್ನೊಂದು ಗೊಂದಲ: ಪ್ಯಾಥಾಲಜಿ ಎಂಡಿ ಓದಿ ರಕ್ತದ ಸ್ಲೈಡ್ ನೋಡುವವರನ್ನೂ ಹೆಮಟಾಲಜಿಸ್ಟ್ ಎನ್ನುವುದುಂಟು. ಅವರು ಕಾಯಿಲೆ ಯಾವುದೆಂದು ಗುರುತಿಸುತ್ತಾರೆ, ಚಿಕಿತ್ಸೆ ಕೊಡುವುದಿಲ್ಲ. ಬೋರ್ಡಿನಲ್ಲಿ ಹೆಸರಿನ ಮುಂದಿನ ಅಕ್ಷರಗಳನ್ನು ಓದಿ. ಅನುಮಾನವಿದ್ದರೆ ನೋಂದಣಿ ಸಂಖ್ಯೆಯನ್ನು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಪರಿಶೀಲಿಸಬಹುದು.

ಕಾರ್ಡಿನಲ್ಲಿ ನಿಮಗೆ ಎಷ್ಟು ಸಿಗುತ್ತದೆ

ಕೇಂದ್ರದ ಆಯುಷ್ಮಾನ್ ಭಾರತ್ ಮತ್ತು ರಾಜ್ಯದ ಆರೋಗ್ಯ ಕರ್ನಾಟಕ ಎರಡೂ 2018ರಲ್ಲಿ ಶುರುವಾಗಿ, ಅದೇ ವರ್ಷ ನಮ್ಮಲ್ಲಿ ಒಂದಾದವು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಈಗ ಕಾರ್ಡಿನ ಮೇಲೆ "ಮುಖ್ಯಮಂತ್ರಿಗಳ ಆರೋಗ್ಯ ಕರ್ನಾಟಕ" ಎಂಬ ಮಾತೂ ಸೇರಿ ಹೆಸರು ಉದ್ದವಾಗಿದೆ. ಯೋಜನೆ ಅದೇ.

ಬಿಪಿಎಲ್ ಅಥವಾ ಅಂತ್ಯೋದಯ ಪಡಿತರ ಚೀಟಿ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಇದು ತಲೆಗೆ ಇಷ್ಟು ಎಂದಲ್ಲ, ಇಡೀ ಕುಟುಂಬಕ್ಕೆ ಸೇರಿ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರ) ಶೇ 30 ಮಾತ್ರ ಸರ್ಕಾರ ಕೊಡುತ್ತದೆ, ಅದಕ್ಕೂ ವರ್ಷಕ್ಕೆ 1.5 ಲಕ್ಷದ ಮಿತಿ; ಉಳಿದ ಶೇ 70 ನೀವು ಕಟ್ಟಬೇಕು. ಎಪಿಎಲ್‌ನವರು ಇದನ್ನು ಮೊದಲೇ ತಿಳಿದಿರಬೇಕು. ಕಾರ್ಡಿದೆ ಎಂದು ಖಾಸಗಿ ಆಸ್ಪತ್ರೆಗೆ ಹೋಗಿ ಬಿಲ್ಲಿನ ದಿನ ಕಂಗಾಲಾಗುವವರಲ್ಲಿ ಇವರೇ ಹೆಚ್ಚು.

ಕಾಯಿಲೆ ಮೊದಲೇ ಇತ್ತು ಎಂಬ ಕಾರಣಕ್ಕೆ ತಿರಸ್ಕರಿಸುವಂತಿಲ್ಲ. ಕಾರ್ಡು ಮಾಡಿಸಿದ ಮರುದಿನವೇ ಚಿಕಿತ್ಸೆ ಶುರುವಾದರೂ ಸರಿ.

ಕಾರ್ಡು ಇಲ್ಲದಿದ್ದರೆ ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್ ಕೇಂದ್ರಕ್ಕೆ ಹೋಗಿ. ಇಲ್ಲಿ ಎಡವುವುದು ಹೆಸರಿನಲ್ಲಿ. ಆಧಾರ್‌ನಲ್ಲಿ "ಲಕ್ಷ್ಮಮ್ಮ", ಪಡಿತರ ಚೀಟಿಯಲ್ಲಿ "ಲಕ್ಷ್ಮೀದೇವಿ" ಎಂದಿದ್ದರೆ ಆಸ್ಪತ್ರೆಯ ಕೌಂಟರಿನಲ್ಲಿ ಅಡ್ಡಿಯಾಗುತ್ತದೆ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಚೀಟಿಯಲ್ಲೇ ಉಳಿದಿರುವುದು, ಮಗುವಿನ ಹೆಸರನ್ನು ಸೇರಿಸದೇ ಇರುವುದು ಕೂಡ ಹೀಗೆಯೇ. ಕಾಯಿಲೆಯ ಅನುಮಾನ ಬಂದ ದಿನವೇ ಒಬ್ಬರು ಆಸ್ಪತ್ರೆಗೆ ಹೊರಡಲಿ, ಇನ್ನೊಬ್ಬರು ಈ ತಿದ್ದುಪಡಿಗೆ ಹೊರಡಲಿ.

ಪಟ್ಟಿಯಲ್ಲಿ ಹುಡುಕುವ ಕ್ರಮ

1. ಮೊಬೈಲಿನಲ್ಲಿ ಪಿಎಂ-ಜೆಎವೈ (ಆಯುಷ್ಮಾನ್ ಭಾರತ್ ಯೋಜನೆಯ ಇನ್ನೊಂದು ಹೆಸರು) ಜಾಲತಾಣದ ಆಸ್ಪತ್ರೆ ಹುಡುಕುವ ಪುಟ ತೆರೆಯಿರಿ. ರಾಜ್ಯ ಕರ್ನಾಟಕ, ಆಮೇಲೆ ಜಿಲ್ಲೆ.

2. ಸ್ಪೆಷಾಲಿಟಿ ಎಂಬಲ್ಲಿ "ಹೆಮಟಾಲಜಿ" ಹುಡುಕಬೇಡಿ. ಯೋಜನೆಯ ಪ್ಯಾಕೇಜ್ ಪಟ್ಟಿಯಲ್ಲಿ ರಕ್ತದ ಕ್ಯಾನ್ಸರಿನ ಚಿಕಿತ್ಸೆ ಬರುವುದು "ಮೆಡಿಕಲ್ ಆಂಕಾಲಜಿ" ಅಡಿಯಲ್ಲಿ. ಎಷ್ಟೋ ಜನ ಹೆಮಟಾಲಜಿ ಸಿಗದೆ, ಯೋಜನೆಯಲ್ಲಿ ಇದಕ್ಕೆ ಜಾಗವೇ ಇಲ್ಲ ಎಂದುಕೊಂಡು ಫೋನು ಕೆಳಗಿಡುತ್ತಾರೆ.

3. ಸಿಕ್ಕ ಆಸ್ಪತ್ರೆಗಳನ್ನು ಸರ್ಕಾರಿ, ಖಾಸಗಿ ಎಂದು ಎರಡು ಸಾಲಿನಲ್ಲಿ ಬರೆದುಕೊಳ್ಳಿ. ಒಂದೊಂದರ ಎದುರು ಅಲ್ಲಿ ಕಾಣುವ ವಿಭಾಗಗಳನ್ನು ಬರೆಯಿರಿ. ಒಂದು ಆಸ್ಪತ್ರೆ ಸರ್ಜಿಕಲ್ ಆಂಕಾಲಜಿಗೆ ಮಾತ್ರ ನೋಂದಾಯಿಸಿದ್ದರೆ ಗಡ್ಡೆಯ ಆಪರೇಷನ್ ಕಾರ್ಡಿನಲ್ಲಿ ಆಗುತ್ತದೆ, ಅದೇ ಕಟ್ಟಡದ ಕೀಮೋ ಆಗುವುದಿಲ್ಲ.

4. ನಿಮ್ಮ ಜಿಲ್ಲೆಯಲ್ಲಿ ಯಾವುದೂ ಬರದಿದ್ದರೆ ಪಕ್ಕದ ಜಿಲ್ಲೆ ಹಾಕಿ ನೋಡಿ. ಯಾದಗಿರಿಯವರಿಗೆ ಕಲಬುರಗಿ ಹತ್ತಿರ, ಚಾಮರಾಜನಗರದವರಿಗೆ ಮೈಸೂರು.

5. ಪಟ್ಟಿ ಹಳೆಯದಾಗಿರಬಹುದು. ಆಸ್ಪತ್ರೆಗಳು ಒಪ್ಪಂದದಿಂದ ಹೊರಬರುವುದು, ಹೊಸದಾಗಿ ಸೇರುವುದು ನಡೆಯುತ್ತಲೇ ಇರುತ್ತದೆ. ಆರೋಗ್ಯ ಸಹಾಯವಾಣಿ 104 ಅಥವಾ ರಾಷ್ಟ್ರೀಯ ಸಂಖ್ಯೆ 14555ಕ್ಕೆ ಕರೆ ಮಾಡಿ, ನಿಮ್ಮ ಪಟ್ಟಿಯಲ್ಲಿರುವ ಆಸ್ಪತ್ರೆಗಳನ್ನು ಒಂದೊಂದಾಗಿ ಹೇಳಿ ಖಚಿತಪಡಿಸಿಕೊಳ್ಳಿ.

ಎಲ್ಲಿಂದ ಶುರು ಮಾಡುವುದು ಎಂಬ ಪ್ರಶ್ನೆಗೆ ನಮ್ಮ ಉತ್ತರ ಸ್ಪಷ್ಟ: ಸರ್ಕಾರಿ ಕಡೆಯಿಂದ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ 1973ರಲ್ಲಿ ಶುರುವಾದದ್ದು. ರಾಜ್ಯದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ. ಕೀಮೋ, ಸರ್ಜರಿ, ರೇಡಿಯೇಶನ್, ಮಕ್ಕಳ ಕ್ಯಾನ್ಸರ್ ವಿಭಾಗ, ಅಸ್ಥಿಮಜ್ಜೆ ಕಸಿ ಎಲ್ಲವೂ ಒಂದೇ ಆವರಣದಲ್ಲಿ. ಕಲಬುರಗಿಯಲ್ಲಿ ಅದರ ಶಾಖಾ ಕೇಂದ್ರವಿದೆ. ಜನಸಂದಣಿ ಹೆಚ್ಚು, ಮೊದಲ ದಿನ ಸಂಜೆಯವರೆಗೂ ಕಾಯಬೇಕಾದೀತು, ಅದು ನಿಜ. ಆದರೆ ಲ್ಯುಕೇಮಿಯಾದಂಥ ಕಾಯಿಲೆಯಲ್ಲಿ ರೋಗ ಪತ್ತೆ, ಚಿಕಿತ್ಸೆ, ರಕ್ತನಿಧಿ ಒಂದೇ ಕಡೆ ಇರುವುದರ ಬೆಲೆ ಆ ಕಾಯುವಿಕೆಗಿಂತ ದೊಡ್ಡದು. ಮಕ್ಕಳಿಗೆ ಅಲ್ಲಿಂದ ಹತ್ತಿರದಲ್ಲೇ, ನಿಮ್ಹಾನ್ಸ್ ಪಕ್ಕದಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಇದೆ.

2025ರಲ್ಲಿ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ-ಕೇರ್ ಕೀಮೋಥೆರಪಿ ಕೇಂದ್ರಗಳು ಶುರುವಾಗಿವೆ. ಅಲ್ಲಿ ಮೊದಲ ಪತ್ತೆ, ಮೊದಲ ಯೋಜನೆ ಆಗುವುದಿಲ್ಲ. ದೊಡ್ಡ ಕೇಂದ್ರದ ತಜ್ಞರು ಬರೆದುಕೊಟ್ಟ ಕೀಮೋವನ್ನು ಊರ ಹತ್ತಿರ ಪಡೆಯಲು ಅವು ಅನುಕೂಲ. ಮೊದಲ ಸುತ್ತು ಮುಗಿದ ಮೇಲೆ "ಮುಂದಿನದನ್ನ ನಮ್ಮ ಜಿಲ್ಲೆಯಲ್ಲೇ ತಗೊಳ್ಳಬಹುದಾ, ಡಾಕ್ಟ್ರೇ?" ಎಂದು ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಅವರಿಗೆ ನಿಮ್ಮ ಊರಿನ ದೂರ ನೆನಪಿಗೆ ಬರದೇ ಇರಬಹುದು.

ಫೋನಿನಲ್ಲಿ ಏನು ಕೇಳಬೇಕು

"ನಿಮ್ಮಲ್ಲಿ ಆಯುಷ್ಮಾನ್ ಕಾರ್ಡ್ ನಡೆಯುತ್ತಾ?" ಎಂಬ ಪ್ರಶ್ನೆಗೆ ಆಸ್ಪತ್ರೆಯ ಸ್ವಾಗತ ಕೌಂಟರಿನವರು ಹೌದು ಎಂದೇ ಹೇಳುತ್ತಾರೆ. ಅಲ್ಲಿ ಮೂಳೆ ಆಪರೇಷನ್ನಿಗೆ ಮಾತ್ರ ಕಾರ್ಡು ನಡೆದರೂ ಆ ಉತ್ತರ ಸುಳ್ಳಲ್ಲ. ಆದ್ದರಿಂದ ಕೌಂಟರಿನವರನ್ನು ಕೇಳದೆ, "ಆರೋಗ್ಯ ಮಿತ್ರರಿಗೆ ಕೊಡಿ" ಎನ್ನಿ. ನೆಟ್‌ವರ್ಕ್ ಆಸ್ಪತ್ರೆಗಳಲ್ಲಿ ಯೋಜನೆಯ ಕೆಲಸ ನೋಡಲು ಕೂರುವವರು ಅವರು. ಈ ಇಡೀ ಪ್ರಯಾಣದಲ್ಲಿ ವೈದ್ಯರಷ್ಟೇ ಮುಖ್ಯ ವ್ಯಕ್ತಿ ಎಂದರೂ ತಪ್ಪಲ್ಲ. ಅವರಿಗೆ ಹೀಗೆ ಕೇಳಿ:

"ಸರ್, ನಮ್ಮ ತಾಯಿಗೆ ಅಕ್ಯೂಟ್ ಲ್ಯುಕೇಮಿಯಾ ಅನುಮಾನ ಇದೆ. ಬಿಪಿಎಲ್ ಕಾರ್ಡ್. ನಿಮ್ಮಲ್ಲಿ ಮೆಡಿಕಲ್ ಆಂಕಾಲಜಿ ಯೋಜನೆಯಲ್ಲಿ ಇದೆಯಾ? ಇಂಡಕ್ಷನ್ ಕೀಮೋ ಮಾಡ್ತೀರಾ, ಅಥವಾ ಡೇ-ಕೇರ್ ಮಾತ್ರನಾ? ಆಂಕಾಲಜಿಸ್ಟ್ ಯಾವ ಯಾವ ದಿನ ಇರ್ತಾರೆ, ಪೂರ್ತಿ ಸಮಯನಾ? ಯಾವ ಆಸ್ಪತ್ರೆಯ ರೆಫರಲ್ ತರಬೇಕು? ಬೆಡ್ ಈಗ ಇದೆಯಾ?"

ಇಂಡಕ್ಷನ್ ಎಂದರೆ ಆಸ್ಪತ್ರೆಯಲ್ಲೇ ಇದ್ದು ಪಡೆಯುವ ಮೊದಲ ಸುತ್ತಿನ ಕೀಮೋ. ಕೊನೆಯ ಮೂರು ಪ್ರಶ್ನೆಗಳನ್ನು ಬಿಡಬೇಡಿ. ವಾರಕ್ಕೆ ಒಂದು ದಿನ ಬಂದುಹೋಗುವ ತಜ್ಞರನ್ನು ನಂಬಿ ಅಕ್ಯೂಟ್ ಲ್ಯುಕೇಮಿಯಾದ ರೋಗಿಯನ್ನು ಸೇರಿಸುವುದು ಅಪಾಯ. ಈ ಚಿಕಿತ್ಸೆಯಲ್ಲಿ ರಾತ್ರಿ ಎರಡು ಗಂಟೆಗೂ ಜ್ವರ ಬರುತ್ತದೆ, ಪ್ಲೇಟ್‌ಲೆಟ್ ಬೇಕಾಗುತ್ತದೆ. ಸ್ವಂತ ರಕ್ತನಿಧಿ ಇದೆಯೇ ಎಂದೂ ಕೇಳಿ. ಮಾತಾಡಿದವರ ಹೆಸರು, ದಿನಾಂಕ ಬರೆದಿಟ್ಟುಕೊಳ್ಳಿ. ಆಮೇಲೆ ಮಾತು ಬದಲಾದರೆ ಅದು ನಿಮ್ಮ ಆಧಾರ.

ರೆಫರಲ್: ಎಲ್ಲರೂ ಎಡವುವ ಜಾಗ

ಆರೋಗ್ಯ ಕರ್ನಾಟಕದಲ್ಲಿ 1,650 ಚಿಕಿತ್ಸೆಗಳನ್ನು ಗುಂಪುಗಳಾಗಿ ವಿಂಗಡಿಸಿದ್ದಾರೆ. ಕ್ಯಾನ್ಸರ್ ಚಿಕಿತ್ಸೆ ಬರುವುದು 3ಎ ಎಂಬ ತೃತೀಯ ಹಂತದ ಗುಂಪಿನಲ್ಲಿ. ಈ ಗುಂಪಿಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕೇ ಬೇಕು. 4ಎ ಎಂಬ ತುರ್ತು ಗುಂಪಿಗೆ ರೆಫರಲ್ ಬೇಡ.

ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆಗೆ ನೇರವಾಗಿ ಹೋಗಬಹುದು. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಮೊದಲು ಹೋಗಿ, ಅಲ್ಲಿನ ವೈದ್ಯರು ರೋಗಿಯನ್ನು ನೋಡಿ, ಆ ಚಿಕಿತ್ಸೆ ತಮ್ಮಲ್ಲಿ ಲಭ್ಯವಿಲ್ಲ ಎಂದು ಕಂಡು ರೆಫರಲ್ ಬರೆಯುತ್ತಾರೆ. ಚೀಟಿಯ ಮೇಲೆ ಕೈಬರಹದಲ್ಲಿ "ಹೈಯರ್ ಸೆಂಟರ್‌ಗೆ" ಎಂದು ಬರೆದುಕೊಟ್ಟರೆ ಸಾಲದು. ಯೋಜನೆಯ ರೆಫರಲ್ ಆನ್‌ಲೈನಿನಲ್ಲಿ ದಾಖಲಾಗಬೇಕು. ಅಲ್ಲಿಯೂ ಆರೋಗ್ಯ ಮಿತ್ರರನ್ನು ಕಂಡು, ದಾಖಲಾಯಿತೇ ಎಂದು ಕೇಳಿಯೇ ಹೊರಡಿ. ಹೊರಡುವ ಮುಂಚೆ ಮೂರು ವಿಷಯ ನೋಡಿ: ರೋಗಿಯ ಹೆಸರು ಆಧಾರ್‌ನಲ್ಲಿರುವಂತೆಯೇ ಇದೆಯೇ, ವಿಭಾಗ ಮೆಡಿಕಲ್ ಆಂಕಾಲಜಿ ಎಂದಿದೆಯೇ, ರೆಫರಲ್ ಎಷ್ಟು ದಿನ ಊರ್ಜಿತ. ವಿಭಾಗ "ಜನರಲ್ ಸರ್ಜರಿ" ಎಂದು ಬಿದ್ದಿದ್ದರೆ ಮುಂದೆ ಕೀಮೋಗೆ ತಡೆ ಬರುತ್ತದೆ, ಇನ್ನೂರು ಕಿಲೋಮೀಟರ್ ವಾಪಸ್ ಬಂದು ತಿದ್ದಿಸಬೇಕಾಗುತ್ತದೆ.

ರೆಫರಲ್ ಬರೆಸಲು ಹೋಗುವಾಗ ರೋಗಿಯನ್ನು ಕರೆದೊಯ್ಯಿರಿ. ಏಳಲಾಗದ ಸ್ಥಿತಿಯಿದ್ದರೆ ವರದಿಗಳನ್ನು ಒಯ್ದು ವೈದ್ಯರಿಗೆ ವಿವರಿಸಿ. ಮೂಗಿನಲ್ಲಿ ಒಸಡಿನಲ್ಲಿ ರಕ್ತ ನಿಲ್ಲದಿದ್ದರೆ, ಪ್ಲೇಟ್‌ಲೆಟ್ ತೀರಾ ಇಳಿದಿದ್ದರೆ, ಉಸಿರಾಟ ಕಷ್ಟವಿದ್ದರೆ ರೆಫರಲ್ಲಿಗಾಗಿ ಸಾಲಿನಲ್ಲಿ ನಿಲ್ಲಬೇಡಿ. ತುರ್ತು ವಿಭಾಗಕ್ಕೆ ನೇರ ಹೋಗಿ, "ಎಮರ್ಜೆನ್ಸಿಯಲ್ಲಿ ದಾಖಲು ಮಾಡಿ" ಎನ್ನಿ. ಲ್ಯುಕೇಮಿಯಾದ ಒಂದು ಬಗೆಯಲ್ಲಿ, ಎಪಿಎಲ್ ಎಂದು ವೈದ್ಯರು ಕರೆಯುವುದರಲ್ಲಿ (ಪಡಿತರ ಚೀಟಿಯ ಎಪಿಎಲ್ ಅಲ್ಲ), ಮೊದಲ ಕೆಲವು ದಿನಗಳ ರಕ್ತಸ್ರಾವವೇ ಜೀವ ತೆಗೆಯುತ್ತದೆ. ಸರಿಯಾದ ಔಷಧಿ ಬೇಗ ಸಿಕ್ಕರೆ ಅದೇ ಕಾಯಿಲೆ ಹೆಚ್ಚಿನವರಲ್ಲಿ ಪೂರ್ತಿ ಗುಣವಾಗುತ್ತದೆ. ಇಲ್ಲಿ ಒಂದು ದಿನಕ್ಕೂ ಲೆಕ್ಕವಿದೆ.

ಪರೀಕ್ಷೆಗಳನ್ನು ಎಲ್ಲಿ ಮಾಡಿಸಬೇಕು

ಈ ಯೋಜನೆ ಒಳರೋಗಿಗಳಿಗಾಗಿ. ಹೊರರೋಗಿ ಶುಲ್ಕ, ಖಾಸಗಿ ಲ್ಯಾಬಿನಲ್ಲಿ ತಿಂಗಳ ಹಿಂದೆ ಮಾಡಿಸಿದ ಪರೀಕ್ಷೆ ಇದಕ್ಕೆ ಬರುವುದಿಲ್ಲ. ದಾಖಲಾಗುವುದಕ್ಕೆ ಮುಂಚಿನ 3 ದಿನ ಮತ್ತು ಬಿಡುಗಡೆಯಾದ ಮೇಲಿನ 15 ದಿನಗಳ ಪರೀಕ್ಷೆ, ಔಷಧಿ ಮಾತ್ರ ಪ್ಯಾಕೇಜಿನೊಳಗೆ. ಹಣ ಮೊದಲು ಕಟ್ಟಿ ಆಮೇಲೆ ವಾಪಸ್ ಪಡೆಯುವ ದಾರಿಯೂ ಇದಕ್ಕಿಲ್ಲ. ಇದು ನಗದುರಹಿತ ಯೋಜನೆ.

ಹಾಗಾಗಿ ದುಬಾರಿ ಪರೀಕ್ಷೆಗಳನ್ನು ಹೊರಗೆ ಮಾಡಿಸಬೇಡಿ. ಊರಿನಲ್ಲಿ ಸಂಪೂರ್ಣ ರಕ್ತ ಎಣಿಕೆ ಮತ್ತು ಪೆರಿಫೆರಲ್ ಸ್ಮಿಯರ್ (ರಕ್ತದ ಸ್ಲೈಡ್ ಪರೀಕ್ಷೆ) ಇವೆರಡು ಸಾಕು. ಬೋನ್ ಮ್ಯಾರೋ (ಮಜ್ಜೆಯ ಪರೀಕ್ಷೆ), ಫ್ಲೋ ಸೈಟೊಮೆಟ್ರಿ (ಕೋಶದ ಬಗೆ ಗುರುತಿಸುವುದು), ಸೈಟೋಜೆನೆಟಿಕ್ಸ್ (ಕೋಶದ ವರ್ಣತಂತುಗಳ ಪರೀಕ್ಷೆ) ಎಲ್ಲ ಚಿಕಿತ್ಸೆ ಕೊಡುವ ಆಸ್ಪತ್ರೆಯಲ್ಲೇ ಆಗಲಿ. ಹೊರಗೆ ಮಾಡಿಸಿದ ಬೋನ್ ಮ್ಯಾರೋವನ್ನು ಅಲ್ಲಿ ಒಪ್ಪದೆ ಮತ್ತೊಮ್ಮೆ ಸೂಜಿ ಚುಚ್ಚುವುದು ಸಾಮಾನ್ಯ. ಮಜ್ಜೆ ತೆಗೆಯುವ ದಿನ "ಆಸ್ಪಿರೇಟ್, ಬಯಾಪ್ಸಿ, ಫ್ಲೋ, ಜೆನೆಟಿಕ್ಸ್ ನಾಲ್ಕಕ್ಕೂ ಒಂದೇ ಸಲ ಸ್ಯಾಂಪಲ್ ತಗೊಳ್ತೀರಾ?" ಎಂದು ಕೇಳಿ. ಫ್ಲೋ ಪರೀಕ್ಷೆಯ ಸ್ಯಾಂಪಲ್ ಸಾಮಾನ್ಯವಾಗಿ ನೇರಳೆ ಮುಚ್ಚಳದ ಟ್ಯೂಬಿಗೆ, ಜೆನೆಟಿಕ್ಸ್‌ನದು ಹಸಿರು ಮುಚ್ಚಳದ ಟ್ಯೂಬಿಗೆ ಹೋಗುತ್ತದೆ. ಹಸಿರು ಟ್ಯೂಬು ತೆಗೆಯದಿದ್ದರೆ ರೋಗಿ ಮತ್ತೆ ಮಲಗಬೇಕು.

ತಜ್ಞರನ್ನು ಕಾಣುವವರೆಗೆ ಮಾಡಬಾರದ ಕೆಲವು ಕೆಲಸಗಳಿವೆ. ಇವು ಬಹಳ ಮುಖ್ಯ.

ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡನ್ನು ಬಯಾಪ್ಸಿಗೆ ಮುಂಚೆ ಶುರು ಮಾಡಬಾರದು. ಲಿಂಫೋಮಾ, ಕೆಲವು ಲ್ಯುಕೇಮಿಯಾಗಳಲ್ಲಿ ಅದು ಗಡ್ಡೆಯನ್ನು ತಾತ್ಕಾಲಿಕವಾಗಿ ಕರಗಿಸಿ ಪರೀಕ್ಷೆಯಲ್ಲಿ ಏನೂ ಸಿಗದಂತೆ ಮಾಡುತ್ತದೆ. ಪ್ಲೇಟ್‌ಲೆಟ್ ಕಡಿಮೆಯಿದ್ದಾಗ ಆಸ್ಪಿರಿನ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ, ಸೊಂಟಕ್ಕೆ ಇಂಜೆಕ್ಷನ್ನೂ ಬೇಡ. ಮುಂದೆ ಮಜ್ಜೆ ಕಸಿ ಬೇಕಾಗಬಹುದು ಎನ್ನುವ ಕಾಯಿಲೆಯಲ್ಲಿ ಅಣ್ಣ, ತಂಗಿ, ಅಪ್ಪ, ಅಮ್ಮನ ರಕ್ತವನ್ನು ರೋಗಿಗೆ ಏರಿಸಬಾರದು. ದೇಹ ಅವರ ಕೋಶಗಳ ವಿರುದ್ಧ ತಿರುಗಿಬಿದ್ದರೆ, ಕಸಿಯ ದಿನ ಆ ಒಡಹುಟ್ಟಿದವರ ಮಜ್ಜೆ ಹಿಡಿಯದೇ ಹೋಗಬಹುದು. ಮನೆಯವರು ಪ್ರೀತಿಯಿಂದ ಸಾಲಾಗಿ ನಿಂತು ರಕ್ತ ಕೊಡಲು ಮುಂದಾಗುವ ಹೊತ್ತು ಅದು. ಅವರು ಖಂಡಿತ ಕೊಡಲಿ, ರಕ್ತನಿಧಿಗೆ ಬದಲಿಯಾಗಿ ಕೊಡಲಿ, ಬೇರೆ ರೋಗಿಗೆ ಹೋಗಲಿ.

ಫೈಲು ಹೀಗಿರಲಿ

ಒಂದು ಗಟ್ಟಿ ಫೈಲಿನಲ್ಲಿ, ಈ ಕ್ರಮದಲ್ಲಿ: ಮೇಲೆ ರೋಗಿಯ ಆಧಾರ್, ಪಡಿತರ ಚೀಟಿ, ಆರೋಗ್ಯ ಕಾರ್ಡು, ಒಂದೊಂದರ ನಾಲ್ಕು ನಕಲು. ಆರು ಪಾಸ್‌ಪೋರ್ಟ್ ಅಳತೆಯ ಫೋಟೊ. ರೆಫರಲ್. ರಕ್ತ ಎಣಿಕೆಯ ವರದಿಗಳು ದಿನಾಂಕದ ಕ್ರಮದಲ್ಲಿ, ಹಳೆಯದು ಕೆಳಗೆ; ಎರಡು ವರ್ಷ ಹಿಂದಿನದಿದ್ದರೂ ಇಡಿ, ಕಾಯಿಲೆ ಯಾವಾಗ ಶುರುವಾಯಿತು ಎಂದು ತಿಳಿಯುವುದು ಅದರಿಂದಲೇ. ಸ್ಕ್ಯಾನಿನ ವರದಿ ಜೊತೆ ಅದರ ಸಿಡಿ. ಈಗ ತೆಗೆದುಕೊಳ್ಳುವ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು, ಆಯುರ್ವೇದ ಅಥವಾ ನಾಟಿ ಔಷಧಿ ತಗೊಂಡಿದ್ದರೆ ಅದರ ಹೆಸರೂ. ಮುಚ್ಚಿಡಬೇಡಿ, ಯಾರೂ ಬೈಯುವುದಿಲ್ಲ. ಲಿವರ್ ವರದಿ ಏರುಪೇರಾದರೆ ಕಾರಣ ತಿಳಿಯಬೇಕಲ್ಲ.

ಬೇರೆ ಕಡೆ ಗಡ್ಡೆಯ ಬಯಾಪ್ಸಿ ಆಗಿದ್ದರೆ ಕಾಗದದ ವರದಿ ಮಾತ್ರ ಸಾಲದು. ಗಾಜಿನ ಸ್ಲೈಡು ಮತ್ತು ಮೇಣದ ಬ್ಲಾಕು ಎರಡನ್ನೂ ಲ್ಯಾಬಿನಿಂದ ಕೇಳಿ ಪಡೆಯಿರಿ, ಅರ್ಜಿ ಬರೆದುಕೊಟ್ಟರೆ ಕೊಡುತ್ತಾರೆ. ಬ್ಲಾಕನ್ನು ಬಸ್ಸಿನ ಎಂಜಿನ್ ಪಕ್ಕ, ಬಿಸಿಲಿನ ಕಿಟಕಿಯಲ್ಲಿ ಇಡಬೇಡಿ, ಮೇಣ ಕರಗುತ್ತದೆ.

ದಾಖಲಾದ ಮೇಲೆ: ಮಂಜೂರಾತಿ

ವೈದ್ಯರು ಚಿಕಿತ್ಸೆಯ ಯೋಜನೆ ಬರೆದ ಮೇಲೆ ಆಸ್ಪತ್ರೆ ಅದನ್ನು ಟ್ರಸ್ಟಿಗೆ ಕಳಿಸಿ ಪ್ರಿ-ಆಥರೈಸೇಶನ್ ಕೇಳುತ್ತದೆ. ಸಾಮಾನ್ಯವಾಗಿ ತಡೆ ಬೀಳುವುದು ಬಯಾಪ್ಸಿ ಅಥವಾ ಮಜ್ಜೆಯ ವರದಿ ಲಗತ್ತಿಸದೇ ಇದ್ದಾಗ, ಹೆಸರು ಹೊಂದದಿದ್ದಾಗ, ಕಾಯಿಲೆಯ ಹಂತ ಬರೆಯದಿದ್ದಾಗ. ದಿನಕ್ಕೊಮ್ಮೆ ಆರೋಗ್ಯ ಮಿತ್ರರ ಬಳಿ ಹೋಗಿ "ಕ್ವೆರಿ ಏನಾದ್ರೂ ಬಂದಿದೆಯಾ?" ಎಂದು ಕೇಳಿ. ಕ್ವೆರಿಗೆ, ಅಂದರೆ ಟ್ರಸ್ಟಿನಿಂದ ಬಂದ ಪ್ರಶ್ನೆಗೆ, ಉತ್ತರಿಸದೆ ಬಿಟ್ಟರೆ ಅರ್ಜಿ ಅಲ್ಲೇ ಮಲಗಿರುತ್ತದೆ. ಕೀಮೋದ ಪ್ರತಿ ಸುತ್ತಿಗೂ ಮಂಜೂರಾತಿ ಬೇರೆ ಬೇರೆ. ಹಳೆಯ ರೆಫರಲ್ಲೇ ಸಾಕೇ, ಹೊಸದು ಬೇಕೇ ಎಂಬುದನ್ನು ಬಿಡುಗಡೆಯ ದಿನವೇ ತಿಳಿದುಕೊಂಡು ಊರಿಗೆ ಹೊರಡಿ.

ಬಿಪಿಎಲ್ ರೋಗಿಯಿಂದ ಪ್ಯಾಕೇಜಿನ ಚಿಕಿತ್ಸೆಗೆ ಮುಂಗಡ ಕೇಳುವಂತಿಲ್ಲ. ಕೇಳಿದರೆ ಜಗಳಕ್ಕೆ ಇಳಿಯುವ ಬದಲು "ಯಾವ ಲೆಕ್ಕಕ್ಕೆ ಅಂತ ಬರೆದು ರಸೀದಿ ಕೊಡಿ" ಎನ್ನಿ. ಎಷ್ಟೋ ಸಲ ಅಷ್ಟಕ್ಕೇ ಬೇಡಿಕೆ ನಿಲ್ಲುತ್ತದೆ. ನಿಲ್ಲದಿದ್ದರೆ ಮೊದಲು ಆರೋಗ್ಯ ಮಿತ್ರರಿಗೆ, ಆಮೇಲೆ 104 ಅಥವಾ 14555ಕ್ಕೆ ದೂರು. ದೂರಿನ ಸಂಖ್ಯೆ ಬರೆದುಕೊಳ್ಳಿ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಲಿಖಿತ ಅರ್ಜಿ ಮುಂದಿನ ಮೆಟ್ಟಿಲು.

5 ಲಕ್ಷ ಸಾಲದಿದ್ದರೆ

ಮೊದಲ ಸುತ್ತು ಮುಗಿದಾಗಲೇ ಎಷ್ಟು ಖರ್ಚಾಯಿತು, ಎಷ್ಟು ಉಳಿದಿದೆ ಎಂದು ಕೇಳಿ. ಹೊಸ ವರ್ಷದ ಮಿತಿ ಯಾವ ತಿಂಗಳಿಂದ ಎಂಬುದನ್ನೂ ಕೇಳಿ. ಮಜ್ಜೆ ಕಸಿಯ ಖರ್ಚು ಸಾಮಾನ್ಯ ಪ್ಯಾಕೇಜುಗಳನ್ನು ಮೀರುತ್ತದೆ. ಕಸಿಯ ಮಾತು ಬಂದ ದಿನವೇ ಟ್ರಸ್ಟಿನಲ್ಲಿ ಅದಕ್ಕೆ ಏನಿದೆ ಎಂದು ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಮೂಲಕ ಬರವಣಿಗೆಯಲ್ಲಿ ಕೇಳಿಸಿ. ಮುಖ್ಯಮಂತ್ರಿಗಳ ಪರಿಹಾರ ನಿಧಿ, ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ, ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಗಳ ಮೂಲಕ ಸಿಗುವ ಕೇಂದ್ರ ಆರೋಗ್ಯ ಸಚಿವರ ಕ್ಯಾನ್ಸರ್ ರೋಗಿಗಳ ನಿಧಿ ಇವಕ್ಕೆಲ್ಲ ಆಸ್ಪತ್ರೆ ಸಹಿ ಮಾಡಿದ ಅಂದಾಜು ವೆಚ್ಚದ ಪತ್ರ ಬೇಕು. ಅದನ್ನು ಮೂರು ಮೂಲ ಪ್ರತಿಗಳಲ್ಲಿ ಪಡೆಯಿರಿ.

ಬಿಲ್ಲು ಇಳಿಸುವ ದೊಡ್ಡ ದಾರಿ ಜೆನೆರಿಕ್ ಔಷಧಿ. ಸಿಎಂಎಲ್ ಎಂಬ ನಿಧಾನಗತಿಯ ಲ್ಯುಕೇಮಿಯಾಗೆ ದಿನವೂ ನುಂಗುವ ಇಮಾಟಿನಿಬ್ ಮಾತ್ರೆಯ ಪೇಟೆಂಟ್ ಅರ್ಜಿಯನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ಭಾರತೀಯ ಕಂಪನಿಗಳ ಅಗ್ಗದ ಇಮಾಟಿನಿಬ್ ಇವತ್ತೂ ಸಿಗುತ್ತಿರುವುದರ ಹಿಂದೆ ಆ ತೀರ್ಪಿದೆ. ಬ್ರ್ಯಾಂಡ್ ಹೆಸರು ಬರೆದಿದ್ದರೆ "ಇದರ ಜೆನೆರಿಕ್ ಕೊಡಬಹುದಾ?" ಎಂದು ವೈದ್ಯರನ್ನೇ ಕೇಳಿ. ಅಂಗಡಿಯವರ ಮಾತಿನ ಮೇಲೆ ಬದಲಿಸಬೇಡಿ.

ಇಎಸ್ಐ, ಯಶಸ್ವಿನಿ ಇದ್ದವರು

ತಿಂಗಳ ಸಂಬಳ 21,000 ರೂಪಾಯಿವರೆಗಿನ ಕಾರ್ಮಿಕರಿಗೆ ಇಎಸ್ಐ (ನೌಕರರ ರಾಜ್ಯ ವಿಮೆ) ಇದ್ದರೆ ದಾರಿ ಬೇರೆ: ಮೊದಲು ಡಿಸ್ಪೆನ್ಸರಿ, ಆಮೇಲೆ ಇಎಸ್ಐ ಆಸ್ಪತ್ರೆ, ಅಲ್ಲಿಂದ ಅವರ ಒಪ್ಪಂದದ ಕ್ಯಾನ್ಸರ್ ಆಸ್ಪತ್ರೆಗೆ ಪತ್ರ. ಬೆಂಗಳೂರಿನಲ್ಲಿ ರಾಜಾಜಿನಗರದ, ಉತ್ತರದಲ್ಲಿ ಕಲಬುರಗಿಯ ಇಎಸ್ಐ ಮೆಡಿಕಲ್ ಕಾಲೇಜು ಆಸ್ಪತ್ರೆಗಳು ಇದಕ್ಕೆ ಮುಖ್ಯ ಬಾಗಿಲು. ಇಲ್ಲಿ ಜನ ಕೇಳದೇ ಕಳೆದುಕೊಳ್ಳುವ ಒಂದು ಸೌಲಭ್ಯವಿದೆ. ಕ್ಯಾನ್ಸರ್ ಸೇರಿದಂತೆ 34 ದೀರ್ಘಕಾಲದ ಕಾಯಿಲೆಗಳಿಗೆ, ನಿಗದಿತ ಸೇವಾವಧಿ ಮತ್ತು ವಂತಿಗೆ ಪೂರೈಸಿದವರಿಗೆ, ವಿಸ್ತೃತ ಅಸ್ವಸ್ಥತಾ ಭತ್ಯೆಯಾಗಿ ಎರಡು ವರ್ಷದವರೆಗೆ ಸಂಬಳದ ಶೇ 80 ಸಿಗುತ್ತದೆ. ಕೆಲಸ ಬಿಟ್ಟು ಊರಿಗೆ ಹೋಗುವ ಮುಂಚೆ ಶಾಖಾ ಕಚೇರಿಯಲ್ಲಿ ಇದನ್ನು ಕೇಳಿ. ರಾಜೀನಾಮೆ ಬರೆದುಕೊಡಬೇಡಿ.

ಯಶಸ್ವಿನಿ ಸಹಕಾರಿ ಸದಸ್ಯರ ಬೇರೆಯೇ ಯೋಜನೆ. ಅದರ ಚಿಕಿತ್ಸೆಗಳ ಪಟ್ಟಿಯೂ ಬೇರೆ, ಆಸ್ಪತ್ರೆಗಳ ಪಟ್ಟಿಯೂ ಬೇರೆ. ಎರಡೂ ಇದ್ದರೆ ಯಾವುದರಲ್ಲಿ ಕೀಮೋ ಇದೆ ಎಂದು ಮೊದಲೇ ನೋಡಿ.

ಪ್ರಯಾಣ, ಹೊರರಾಜ್ಯ

ಬೆಳಗಾವಿ, ಬೀದರ್ ಕಡೆಯವರು ಮುಂಬೈ, ಹೈದರಾಬಾದಿಗೆ, ಕೋಲಾರದವರು ವೆಲ್ಲೂರಿಗೆ ಹೋಗುವುದು ಹಿಂದಿನಿಂದಲೂ ಇದೆ. ಕೇಂದ್ರದ ಪಟ್ಟಿಯಲ್ಲಿರುವ ಕುಟುಂಬಕ್ಕೆ ಹೊರರಾಜ್ಯದ ಒಪ್ಪಂದದ ಆಸ್ಪತ್ರೆಯಲ್ಲೂ ಕಾರ್ಡು ನಡೆಯುತ್ತದೆ. ನಿಮ್ಮ ಹೆಸರು ಕೇಂದ್ರದ ಪಟ್ಟಿಯಲ್ಲಿದೆಯೇ, ರಾಜ್ಯದ ಪಟ್ಟಿಯಲ್ಲಿ ಮಾತ್ರ ಇದೆಯೇ ಎಂಬುದನ್ನು 14555ರಲ್ಲಿ ಕೇಳಿಯೇ ಟಿಕೆಟ್ ಮಾಡಿ.

ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಬರುವ ಒಬ್ಬರಿಗೆ ಶೇ 75 ಇದೆ. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಥಲಸ್ಸೀಮಿಯಾ, ಹಿಮೋಫಿಲಿಯಾ ರೋಗಿಗಳಿಗೂ ರಿಯಾಯಿತಿ ಇದೆ. ಈ ಎರಡು ಕಾಯಿಲೆ ಮತ್ತು ಸಿಕಲ್ ಸೆಲ್ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲೂ ಇವೆ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ.

ರಕ್ತ ಬೇಕಾದಾಗ ಇ-ರಕ್ತಕೋಶ ಜಾಲತಾಣದಲ್ಲಿ ಯಾವ ರಕ್ತನಿಧಿಯಲ್ಲಿ ಎಷ್ಟಿದೆ ಎಂದು ನೋಡಬಹುದು. ಪ್ಲೇಟ್‌ಲೆಟ್ 5 ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ, ಆದ್ದರಿಂದ ದಾನಿಗಳನ್ನು ಒಂದೇ ದಿನ ಕರೆಸಬೇಡಿ. ಹತ್ತು ಜನರ ಪಟ್ಟಿ ಮಾಡಿ, ವಾರಕ್ಕೆ ಇಬ್ಬರಂತೆ ಬರಲಿ.

ಕೀಮೋ ಆದ ಮೇಲೆ ಊರಿನಲ್ಲಿ ಜ್ವರ ಬಂದರೆ

ಮನೆಯಲ್ಲಿ ಡಿಜಿಟಲ್ ಥರ್ಮಾಮೀಟರ್ ಇರಲೇಬೇಕು. ಜ್ವರ 101 ಡಿಗ್ರಿ ಫ್ಯಾರನ್‌ಹೀಟ್ ಒಮ್ಮೆ ಬಂದರೂ, 100.4 ಡಿಗ್ರಿ ಒಂದು ಗಂಟೆ ನಿಂತರೂ ಬೆಳಗಾಗಲಿ ಎಂದು ಕಾಯಬೇಡಿ. ಡೋಲೋ ನುಂಗಿಸಿ ಮಲಗಿಸಬೇಡಿ. ಬಿಳಿ ರಕ್ತಕಣ ಇಳಿದ ರೋಗಿಗೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ರಕ್ತನಾಳಕ್ಕೆ ಹೋಗಬೇಕು. ಹತ್ತಿರದ ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, "ಕೀಮೋ ಆಗಿ ಇಷ್ಟು ದಿನ ಆಯ್ತು, ಬಿಳಿ ಕಣ ಕಡಿಮೆ ಇರಬಹುದು" ಎಂಬ ಮಾತನ್ನು ಮೊದಲು ಹೇಳಿ, ಬಿಡುಗಡೆ ಪತ್ರ ಕೈಗಿಡಿ. ಆ ಪತ್ರದ ಮೇಲೆ ಚಿಕಿತ್ಸೆ ಕೊಟ್ಟ ವಾರ್ಡಿನ ಫೋನ್ ಸಂಖ್ಯೆಯನ್ನು ಬಿಡುಗಡೆಯ ದಿನವೇ ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡಿರಿ, ಊರಿನ ವೈದ್ಯರು ಅಲ್ಲಿಂದಲೇ ನೇರ ಮಾತಾಡಲಿ.